ನನಗೆ ಬಾರದ ಕೊರೋನಾ

ನನಗೆ ಕೊರೋನಾ ಬಂದಿದೆ ಎಂದು ಅತ್ತೆಗೆ ಹೇಳಿದ್ದು ನನ್ನ ಗಂಡ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, ಕೈಗೆ ಸ್ಯಾನಿಟೈಸರ್ ಸುರಿದುಕೊಳ್ಳುತ್ತಾ, ತಾಯಿಯ ಮುಖ ನೋಡದೆ ಹೇಳಿದ. ನಾನು ಅವನ ಹಿಂದೆ ಎರಡೆರಡು ಮಾಸ್ಕ್ ಹಾಕಿಕೊಂಡು ನಿಂತಿದ್ದೆ. ಅತ್ತು ಅತ್ತು ಕಣ್ಣು ಕೆಂಪಗಾಗಿದ್ದರಿಂದ ಆ ಮಾತಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಎರಡನೆಯ ಅಲೆಯ ಆ ದಿನಗಳಲ್ಲಿ ಯಾರಿಗೆ ಏನೇ ಆದರೂ ಅದೊಂದೇ ಕಾರಣ ಸಾಕಾಗುತ್ತಿತ್ತು. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದು, ಸೆರಗಿನಿಂದ ಮೂಗು ಮುಚ್ಚಿಕೊಂಡು, ಒಳಗಿನ ರೂಮಿನ ಕಡೆ ಕೈ ತೋರಿಸಿದರು.

ನಿಜ ಬೇರೆ ಇತ್ತು. ನಾನು ಬಸುರಿಯಾಗಿದ್ದೆ, ಆದರೆ ಗರ್ಭ ಇರಬೇಕಾದ ಜಾಗದಲ್ಲಿ ಇರಲಿಲ್ಲ.

ಅದನ್ನು ನನಗೆ ಹೇಳಿದ್ದು ಜಯನಗರದ ಒಂದು ನರ್ಸಿಂಗ್ ಹೋಮಿನ ಡಾಕ್ಟರು. ಗಂಡನನ್ನು ಗೇಟಿನಲ್ಲೇ ನಿಲ್ಲಿಸಿದ್ದರು, ರೋಗಿಗೆ ಮಾತ್ರ ಪ್ರವೇಶ. ಸ್ಕ್ಯಾನಿಂಗ್ ರೂಮಿನಲ್ಲಿ ನಾನು ಒಬ್ಬಳೇ ಛಾವಣಿ ನೋಡುತ್ತಾ ಮಲಗಿದ್ದೆ. ಆಮೇಲೆ ಡಾಕ್ಟರ ಮುಂದೆ ಕೂತಾಗ ಅವರ ಮುಖದಲ್ಲಿ ನನಗೆ ಕಂಡದ್ದು ಬರೀ ಕಣ್ಣು. ಮಾಸ್ಕು, ಅದರ ಮೇಲೊಂದು ಮಾಸ್ಕು, ಅದರ ಮೇಲೆ ಪ್ಲಾಸ್ಟಿಕ್ ಪರದೆ. ಮೊದಲ ಸಲ ಹೇಳಿದ್ದು ನನಗೆ ಕೇಳಿಸಲಿಲ್ಲ. ಎರಡನೆಯ ಸಲ ಅವರು ಗಟ್ಟಿಯಾಗಿ ಹೇಳಬೇಕಾಯಿತು. ಗರ್ಭಕೋಶ ಖಾಲಿಯಿದೆ, ಎಡಗಡೆಯ ಟ್ಯೂಬಿನಲ್ಲಿ ಬೆಳೆಯುತ್ತಿದೆ, ಇದನ್ನು ಉಳಿಸಿಕೊಳ್ಳಲು ಆಗುವುದಿಲ್ಲ ಎಂದು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಹೆಂಗಸರಿಗೂ ಕೇಳಿಸಿತೆಂದು ಕಾಣುತ್ತದೆ, ನಾನು ಹೊರಬಂದಾಗ ಎಲ್ಲರೂ ನೆಲ ನೋಡುತ್ತಿದ್ದರು.

ಡಾಕ್ಟರು ಒಳ್ಳೆಯವರು. ಅವಸರವಿದ್ದರೂ ಅವಸರ ತೋರಿಸಲಿಲ್ಲ. ಟ್ಯೂಬು ಇನ್ನೂ ಒಡೆದಿಲ್ಲ, ಗಾತ್ರ ಚಿಕ್ಕದು, ರಕ್ತದಲ್ಲಿ ಹಾರ್ಮೋನ್ ಸಂಖ್ಯೆಯೂ ಕಡಿಮೆ, ಹಾಗಾಗಿ ಒಂದು ಇಂಜೆಕ್ಷನ್‌ನಿಂದ ಕರಗಿಸಲು ನೋಡೋಣ, ಈ ಹೊತ್ತಿನಲ್ಲಿ ಆಸ್ಪತ್ರೆಯಲ್ಲಿ ಮಲಗುವುದು ತಪ್ಪಿದರೆ ಅದೇ ದೊಡ್ಡದು ಎಂದರು. ನಾಲ್ಕನೆಯ ದಿನ ಮತ್ತು ಏಳನೆಯ ದಿನ ರಕ್ತ ಪರೀಕ್ಷೆಗೆ ಬರಬೇಕು. ನೋವಿಗೆ ಅಂತ ಮನೆಯಲ್ಲಿರುವ ಮಾತ್ರೆ ನುಂಗಬಾರದು. ಫೋಲಿಕ್ ಆಸಿಡ್ ಮಾತ್ರೆ ಇವತ್ತಿನಿಂದಲೇ ನಿಲ್ಲಬೇಕು, ಸೊಪ್ಪು ಕೂಡ ತಿನ್ನಬಾರದು, ಅದರಲ್ಲಿರುವ ಅಂಶ ಇಂಜೆಕ್ಷನ್‌ಗೆ ಅಡ್ಡ ಬರುತ್ತದೆ. ಹೊಟ್ಟೆ ತಡೆಯಲಾರದಷ್ಟು ನೋವಾದರೆ, ತಲೆ ಸುತ್ತಿದರೆ, ಹೆಗಲಿನ ತುದಿಯಲ್ಲಿ ನೋವು ಕಾಣಿಸಿಕೊಂಡರೆ ಟ್ಯೂಬು ಒಡೆದು ಒಳಗೇ ರಕ್ತ ಹೋಗುತ್ತಿದೆ ಎಂದರ್ಥ, ಆಗ ಯಾರನ್ನೂ ಕೇಳದೆ ಹೊರಟು ಬರಬೇಕು. ತಡವಾದರೆ ಜೀವಕ್ಕೇ ಅಪಾಯ. ಅಲ್ಲೇ ಇಂಜೆಕ್ಷನ್ ಕೊಡಿಸಿ, ಇಷ್ಟನ್ನೂ ಅವರು ಒಂದು ಹಾಳೆಯ ಮೇಲೆ ಬರೆದೂ ಕೊಟ್ಟರು.

ಇದನ್ನು ಅತ್ತೆಯಿಂದ ಯಾಕೆ ಮುಚ್ಚಿಟ್ಟೆವು ಎಂದು ಈಗ ಯಾರಾದರೂ ಕೇಳಿದರೆ ನನಗೆ ಸರಿಯಾದ ಉತ್ತರ ಸಿಗುವುದಿಲ್ಲ. ಆಗ ಸಿಕ್ಕಿತ್ತು. ಅದಕ್ಕೆ ಎರಡು ವರ್ಷ ಮೊದಲು ಒಮ್ಮೆ ನಾನು ಬಸುರಿಯಾಗಿದ್ದೆ. ಮೂರು ತಿಂಗಳು ತುಂಬುವವರೆಗೆ ಬಾಯಿ ಬಿಡಬಾರದು ಎನ್ನುವುದೆಲ್ಲ ಅಜ್ಜಿಯರ ಕಾಲದ್ದು ಎಂದುಕೊಂಡು, ಬ್ಯಾಂಕಿನಲ್ಲಿ ನನ್ನ ಪಕ್ಕದ ಕೌಂಟರಿನವರಿಂದ ಹಿಡಿದು ನಮ್ಮ ಮದುವೆಗೂ ಬಾರದಿದ್ದ ನೆಂಟರವರೆಗೆ ಎಲ್ಲರಿಗೂ ಹೇಳಿದ್ದೆ. ಬಿಟ್ಟುಹೋದವರಿಗೆ ಅತ್ತೆ ಹೇಳಿದರು. ಒಂಬತ್ತನೆಯ ವಾರ ಅದು ಕಳೆದುಹೋಯಿತು. ಹೇಳಿದವರಿಗೆಲ್ಲ ಮತ್ತೆ ಹೇಳಬೇಕಾಯಿತು. ಅಯ್ಯೋ ಅಂದವರು, ನೀನು ಸ್ಕೂಟರ್ ಓಡಿಸಬಾರದಿತ್ತು ಅಂದವರು, ಇಂಥ ದೇವರಿಗೆ ಹರಕೆ ಹೊತ್ತುಕೋ ಅಂದವರು. ಒಂದು ತಿಂಗಳು ನಾನು ಫೋನ್ ಸದ್ದಾದರೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅತ್ತೆ ಮಾತ್ರ ಹಾಲ್‌ನಲ್ಲಿ ಕೂತು ಎಲ್ಲರಿಗೂ ಮೊದಲಿನಿಂದ ಕಡೆಯವರೆಗೆ ವಿವರಿಸುತ್ತಿದ್ದರು. ಆಗಲೇ ನನಗೆ ಅವರ ಮೇಲೆ ಕೋಪ ಬಂದದ್ದು. ಮುಂದಿನ ಸಲ ಇವರಿಗೆ ಗೊತ್ತಾಗಕೂಡದು ಎಂದು ಗಂಡನ ಕೈಯಲ್ಲಿ ಆಣೆ ಹಾಕಿಸಿಕೊಂಡಿದ್ದೆ. ಆ ಆಣೆಯಿಂದಲೇ ಅವನ ಬಾಯಲ್ಲಿ ಕೊರೋನಾ ಬಂತು.

ಇಟ್ಟಮಡುವಿನಲ್ಲಿ ನಮ್ಮದು ಎರಡನೆಯ ಮಹಡಿಯ ಬಾಡಿಗೆ ಮನೆ. ಎರಡು ರೂಮು, ಒಂದು ಹಾಲ್, ಲಿಫ್ಟ್ ಇಲ್ಲ. ಅತ್ತೆ ಮೂವತ್ತು ವರ್ಷ ಪ್ರೈಮರಿ ಶಾಲೆಯ ಟೀಚರಾಗಿದ್ದವರು, ಸಕ್ಕರೆ ಕಾಯಿಲೆಯ ಜೊತೆ ಉಬ್ಬಸವೂ ಇತ್ತು. ಕೊರೋನಾ ಎಂದರೆ ಅವರಿಗೆ ಪ್ರಾಣಭಯ. ಆ ಭಯಕ್ಕೆ ಕಾರಣವೂ ಇತ್ತು. ಆ ತಿಂಗಳೇ ಅವರ ಜೊತೆ ಕೆಲಸ ಮಾಡಿದ ಇಬ್ಬರು ಟೀಚರುಗಳು ಹೋಗಿದ್ದರು, ಒಬ್ಬರ ಮುಖವನ್ನು ಮಕ್ಕಳೂ ನೋಡಲಾಗಿರಲಿಲ್ಲ. ಅತ್ತೆ ಹಾಲಿನ ಪ್ಯಾಕೆಟ್ಟನ್ನು ಸೋಪು ಹಾಕಿ ತೊಳೆಯುತ್ತಿದ್ದರು, ಪೇಪರು ತರಿಸುವುದನ್ನು ಬಿಟ್ಟಿದ್ದರು, ಕರೆಂಟ್ ಬಿಲ್ಲನ್ನು ಮೂರು ದಿನ ಬಿಸಿಲಿಗೆ ಹಾಕಿ ಆಮೇಲೆ ಓದುತ್ತಿದ್ದರು. ಇಂಥವರಿಗೆ ಒಂದೇ ಮನೆಯಲ್ಲಿ ಕೊರೋನಾ ಇದೆ ಎಂದು ಸುಳ್ಳು ಹೇಳಿದೆವಲ್ಲ, ಅದನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಆಗ ನನಗೆ ನನ್ನ ಹೊಟ್ಟೆಯೊಂದೇ ಕಾಣುತ್ತಿತ್ತು.

ರೂಮು ಸೇರಿದ ಮೇಲೆ ಅತ್ತೆ ನನ್ನ ಬಾಗಿಲಿನಿಂದ ಮೂರು ಅಡಿ ದೂರಕ್ಕೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದರು. ತಟ್ಟೆಯನ್ನು ಗೆರೆಯ ಆಚೆ ಇಟ್ಟು, ನೆಲ ಒರೆಸುವ ಮಾಪಿನ ಕೋಲಿನಿಂದ ಬಾಗಿಲ ಹತ್ತಿರಕ್ಕೆ ತಳ್ಳಿ, ದೂರ ಹೋಗಿ ಕೂಗುತ್ತಿದ್ದರು. ದಿನಕ್ಕೆ ಮೂರು ಹೊತ್ತು ಆಕ್ಸಿಮೀಟರಿನ ಲೆಕ್ಕ ಒಪ್ಪಿಸಬೇಕಿತ್ತು. ಬಾಗಿಲ ಆಚೆಯಿಂದ ಹಾಜರಿ ಕೂಗುವ ದನಿಯಲ್ಲಿ, ಎಷ್ಟಿದೆ ಎಂದು ಕೇಳುತ್ತಿದ್ದರು. ನಾನು ಬೆರಳಿಗೆ ಆ ಡಬ್ಬಿ ಸಿಕ್ಕಿಸಿಕೊಂಡು ತೊಂಬತ್ತೆಂಟು ಎನ್ನುತ್ತಿದ್ದೆ. ಅವರಿಗೆ ಸಮಾಧಾನವಾಗುತ್ತಿತ್ತು. ಗಂಡ ಮಾತ್ರ ಮಾಸ್ಕ್ ಹಾಕಿಕೊಂಡು, ಔಷಧಿ ಕೊಡುವ ನೆಪದಲ್ಲಿ ಒಳಗೆ ಬರುತ್ತಿದ್ದ. ಬಂದವನು ಬಾಗಿಲು ಮುಂದಕ್ಕೆ ಹಾಕಿ, ಮಾಸ್ಕ್ ತೆಗೆದು, ನನ್ನ ಪಕ್ಕ ಕೂರುತ್ತಿದ್ದ. ನಿಮ್ಮಮ್ಮನ ಪುಕ್ಕಲುತನ ನೋಡು, ನಾನು ಸತ್ತರೂ ಕೋಲಿನಿಂದಲೇ ತಳ್ಳುತ್ತಾರೆ ಎಂದು ನಾನು ಅವನ ಹತ್ತಿರ ಪಿಸುಗುಟ್ಟುತ್ತಿದ್ದೆ. ಅವನು ನಗುತ್ತಿರಲಿಲ್ಲ.

ನಾವು ಎಣಿಸದೆ ಇದ್ದದ್ದು ಸೊಪ್ಪಿನ ವಿಷಯ. ಅತ್ತೆಯ ಪ್ರಕಾರ ಕೊರೋನಾಕ್ಕೆ ಮೊದಲ ಮದ್ದು ಸೊಪ್ಪು. ಬೆಳಿಗ್ಗೆ ಗಾಡಿಯವನು ರಸ್ತೆಗೆ ಬಂದ ಕೂಡಲೇ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಯುತ್ತಿತ್ತು. ಮೊದಲ ದಿನ ಮೆಂತ್ಯ ಸೊಪ್ಪಿನ ಪಲ್ಯ, ಎರಡನೆಯ ದಿನ ದಂಟಿನ ಸೊಪ್ಪಿನ ಬಸ್ಸಾರು, ಮೂರನೆಯ ದಿನ ಮಸ್ಸೊಪ್ಪು, ಆಮೇಲೆ ನುಗ್ಗೆಸೊಪ್ಪು. ಬೆಂಗಳೂರಿನಲ್ಲಿ ಸಿಗುವ ಸೊಪ್ಪೆಲ್ಲ ಸರದಿಯ ಮೇಲೆ ನನ್ನ ತಟ್ಟೆಗೆ ಬಂತು. ನಾನು ಅದೊಂದು ಬಿಟ್ಟು ಏನು ಬೇಕಾದರೂ ತಿನ್ನಬಹುದಿತ್ತು. ಸೊಪ್ಪು ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ, ಆ ಯಾಕೆಗೆ ನಮ್ಮ ಹತ್ತಿರ ಉತ್ತರವಿರಲಿಲ್ಲ. ಗಂಡ ಒಳಗೆ ಬಂದು ನನ್ನ ಪಾಲನ್ನೂ ನಿಂತ ನಿಲುವಿನಲ್ಲೇ ತಿನ್ನುತ್ತಿದ್ದ. ಖಾಲಿ ತಟ್ಟೆ ನೋಡಿ ಅತ್ತೆ ಮಾರನೆಯ ದಿನ ಒಂದು ಸೌಟು ಹೆಚ್ಚು ಹಾಕುತ್ತಿದ್ದರು. ಒಂದು ಮಧ್ಯಾಹ್ನ ಅವನು ಬರುವುದು ತಡವಾಗಿ, ಹಸಿವು ತಾಳಲಾರದೆ ನಾನೇ ಬಸ್ಸಾರಿನಲ್ಲಿ ಅನ್ನ ಕಲಸಿಕೊಂಡು ತಿಂದುಬಿಟ್ಟೆ. ತುಂಬಾ ಚೆನ್ನಾಗಿತ್ತು. ತಿಂದು ಮುಗಿಸಿ ಅಳತೊಡಗಿದೆ.

ನಾಲ್ಕನೆಯ ದಿನ ರಕ್ತ ಪರೀಕ್ಷೆಗೆ ಹೋಗಿ ಬಂದೆವು. ಅತ್ತೆಗೆ ಹೇಳಿದ್ದು ಎದೆಯ ಸ್ಕ್ಯಾನ್ ಎಂದು. ಸಂಖ್ಯೆ ಸ್ವಲ್ಪ ಏರಿತ್ತು. ಈ ದಿನ ಏರುವುದುಂಟು, ಏಳನೆಯ ದಿನ ಇಳಿದಿದ್ದರೆ ಸಾಕು ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ನನಗೆ ಮಾತ್ರ ಆ ಒಂದು ತಟ್ಟೆ ಬಸ್ಸಾರೇ ಕಣ್ಣ ಮುಂದೆ ಬರುತ್ತಿತ್ತು. ಮಗು ಉಳಿಯುವುದಿಲ್ಲ ಎಂದು ಗೊತ್ತಿತ್ತು. ಆದರೂ ಅದನ್ನು ಕರಗಿಸಲು ದಿನ ಎಣಿಸುವುದು ಎಷ್ಟು ಕೆಟ್ಟ ಕೆಲಸ ಎಂದು ಯಾರಿಗೆ ಹೇಳಲಿ. ಹೊಟ್ಟೆಯ ಮೇಲೆ ಕೈ ಇಡಲು ಮನಸ್ಸಾಗುತ್ತಿತ್ತು, ಇಟ್ಟರೆ ಕಪಟ ಅನ್ನಿಸುತ್ತಿತ್ತು. ನನಗೆ ನನ್ನ ಅಮ್ಮ ಬೇಕಾಗಿದ್ದರು. ಅವರು ಹೋಗಿ ಆಗಲೇ ಏಳು ವರ್ಷವಾಗಿತ್ತು.

ಆರನೆಯ ದಿನ ಬೆಳಿಗ್ಗೆ ಗಂಡ ಬೇಗನೆ ಹೊರಟ. ಅತ್ತೆಯ ಎರಡನೆಯ ಡೋಸ್ ಲಸಿಕೆಗೆ ಪುಟ್ಟೇನಹಳ್ಳಿಯ ಕಡೆ ಒಂದು ಕಡೆ ಟೋಕನ್ ಕೊಡುತ್ತಾರೆಂದು ಗೆಳೆಯನೊಬ್ಬ ಹೇಳಿದ್ದ. ಕ್ಯೂ ನಿಂತು ಟೋಕನ್ ಸಿಕ್ಕಿದ ಮೇಲೆ ತಾಯಿಯನ್ನು ಕರೆದೊಯ್ಯುವುದು ಎಂದು ಮಾತಾಗಿತ್ತು. ಅವನು ಹೋದ ಸ್ವಲ್ಪ ಹೊತ್ತಿಗೆ ನನ್ನ ಎಡಗಡೆ ಕಿಬ್ಬೊಟ್ಟೆಯಲ್ಲಿ ಚಳಕು ಬಂತು. ಇಂಜೆಕ್ಷನ್ ಕೆಲಸ ಮಾಡುವಾಗಲೂ ನೋವಿರುತ್ತದೆ ಎಂದಿದ್ದರಲ್ಲ, ಅದೇ ಇರಬೇಕೆಂದು ಮಗ್ಗುಲು ಬದಲಿಸಿದೆ. ಒಂಬತ್ತು ಗಂಟೆಗೆ ಅತ್ತೆ ಬಾಗಿಲಾಚೆ ನಿಂತು ಎಷ್ಟಿದೆ ಎಂದರು. ಬೆರಳು ತಣ್ಣಗಿತ್ತು, ಡಬ್ಬಿ ಸ್ವಲ್ಪ ಹೊತ್ತು ಏನೂ ತೋರಿಸಲಿಲ್ಲ, ಆಮೇಲೆ ತೊಂಬತ್ತೇಳು ಎಂದಿತು. ಹಾಗೇ ಹೇಳಿದೆ. ಚೆನ್ನಾಗಿದೆ, ಇಡ್ಲಿ ಇಡ್ತೀನಿ ಎಂದು ಅವರು ಅಡುಗೆಮನೆಗೆ ಹೋದರು.

ಎದ್ದು ಬಚ್ಚಲಿಗೆ ಹೋಗೋಣವೆಂದು ಕಾಲು ಕೆಳಗಿಟ್ಟೆ. ಆಗ ಹೆಗಲು ನೋಯಿತು. ಎಡ ಹೆಗಲಿನ ತುದಿ, ಭಾರದ ಚೀಲ ಹೊತ್ತು ಬಂದಂಥ ನೋವು. ಹೊಟ್ಟೆಗೂ ಹೆಗಲಿಗೂ ಏನು ಸಂಬಂಧ ಎಂದು ಅರೆಕ್ಷಣ ಯೋಚಿಸಿದೆ, ಆಮೇಲೆ ಡಾಕ್ಟರು ಬರೆದುಕೊಟ್ಟ ಹಾಳೆ ನೆನಪಾಯಿತು. ಭಯವೆಂದರೆ ಏನು ಎಂದು ನನಗೆ ತಿಳಿದದ್ದು ಆಗ. ಫೋನು ಮಂಚದ ಆ ತುದಿಯಲ್ಲಿತ್ತು, ಅಷ್ಟು ದೂರ ಕೈ ಚಾಚಲು ಆಗಲಿಲ್ಲ. ಕಣ್ಣು ಕತ್ತಲೆ ಬಂದು ನೆಲದ ಮೇಲೆ ಕೂತೆ, ಕೂತವಳು ಒರಗಿದೆ. ಸುಳ್ಳು ಸಾಕು ಅನ್ನಿಸಿತು. ಅತ್ತೆಯನ್ನು ಕೂಗಿದೆ.

"ಅತ್ತೆ, ನಂಗೆ ಕೊರೋನಾ ಇಲ್ಲ. ಟ್ಯೂಬಲ್ಲಿ ಪ್ರೆಗ್ನೆನ್ಸಿ ಆಗಿತ್ತು, ಒಡೆದ್ಹೋಗಿದೆ. ಒಳಗ್ ಬನ್ನಿ."

ಬಾಗಿಲು ತೆರೆಯಿತು. ಅತ್ತೆ ಬಂದು ನನ್ನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡರು. ಅವರ ಕೈಗೆ ಇಡ್ಲಿ ಹಿಟ್ಟು ಮೆತ್ತಿತ್ತು. ಆಮೇಲೆ ನನಗೆ ನೆನಪಿರುವುದು ತುಂಡು ತುಂಡಾಗಿ ಮಾತ್ರ. ಮೆಟ್ಟಿಲಿನ ಛಾವಣಿ, ಆಟೋದ ಪ್ಲಾಸ್ಟಿಕ್ ಪರದೆ, ಕದಿರೇನಹಳ್ಳಿ ಅಂಡರ್‌ಪಾಸಿನ ಕತ್ತಲು, ನನ್ನ ಕೆನ್ನೆ ತಟ್ಟುತ್ತಿದ್ದ ಅತ್ತೆಯ ಕೈ. ನರ್ಸಿಂಗ್ ಹೋಮಿನಲ್ಲಿ ಯಾರೋ ಮೂಗಿನೊಳಗೆ ಕಡ್ಡಿ ಹಾಕಿದರು, ಯಾರೋ ಬಳೆ ಬಿಚ್ಚಿದರು. ಗಂಡ ಪುಟ್ಟೇನಹಳ್ಳಿಯಿಂದ ನೇರವಾಗಿ ಬಂದು ತಲುಪಿದಾಗ ನನ್ನನ್ನು ಆಪರೇಷನ್‌ಗೆ ಒಳಗೆ ತೆಗೆದುಕೊಂಡು ಹೋಗಿದ್ದರಂತೆ.

ಎಡಗಡೆಯ ಟ್ಯೂಬು ತೆಗೆದರು. ರಕ್ತ ಕೊಟ್ಟರು. ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಗಂಡನಿಗೆ ಹೇಳಿದ್ದನ್ನು ಅವನು ನನಗೆ ಹೇಳಿದ್ದು ಎಷ್ಟೋ ದಿನಗಳ ಮೇಲೆ. ವಾರ್ಡಿನಲ್ಲಿ ರೋಗಿಯ ಜೊತೆ ಒಬ್ಬರೇ ಇರಬಹುದಿತ್ತು. ಗಂಡ ಇರುತ್ತೇನೆಂದ, ಅತ್ತೆ ಕೇಳಲಿಲ್ಲ. ಉಬ್ಬಸವಿರುವ ಹೆಂಗಸು, ಎರಡನೆಯ ಡೋಸ್ ತಪ್ಪಿಸಿಕೊಂಡು, ಆಸ್ಪತ್ರೆಯ ಸ್ಟೂಲಿನ ಮೇಲೆ ಎರಡು ದಿನ ಕೂತರು. ನಮ್ಮ ಸುಳ್ಳಿನ ಬಗ್ಗೆ ಒಂದು ಮಾತು ಎತ್ತಲಿಲ್ಲ. ಸೊಪ್ಪಿನ ವಿಷಯ ಮಗ ಹೇಳಿದ್ದನೆಂದು ಕಾಣುತ್ತದೆ, ಡಾಕ್ಟರು ರೌಂಡ್ಸ್‌ಗೆ ಬಂದಾಗ ಮಾತ್ರ ಎದ್ದು ನಿಂತು, ನಾನು ದಿನಾ ಸೊಪ್ಪು ಹಾಕ್ತಿದ್ದೆ, ಅದರಿಂದ ಆಯ್ತಾ ಎಂದು ಕೇಳಿದರು. ಕೇಳುವಾಗ ಅವರ ದನಿಯಲ್ಲಿ ಟೀಚರಿರಲಿಲ್ಲ. ಡಾಕ್ಟರು ಅವರ ಕೈ ಹಿಡಿದು, ಅಷ್ಟು ಸೊಪ್ಪಿನಿಂದ ಹೀಗಾಗಲ್ಲಮ್ಮ, ಕೆಲವರಿಗೆ ಆ ಇಂಜೆಕ್ಷನ್ ಹಿಡಿಯೋದಿಲ್ಲ ಅಷ್ಟೇ ಎಂದರು. ಆ ಉತ್ತರ ನನಗೂ ಬೇಕಾಗಿತ್ತು. ನಾನು ಗೋಡೆಯ ಕಡೆ ತಿರುಗಿಕೊಂಡು ಅತ್ತುಬಿಟ್ಟೆ. ಅತ್ತೆ ಬೆನ್ನು ಸವರಿದರು.

ಮನೆಗೆ ಬಂದ ಮೇಲೆ ನಡೆದದ್ದು ಬಾಣಂತನವೇ. ಮಗುವಿಲ್ಲ ಎನ್ನುವುದೊಂದು ಬಿಟ್ಟರೆ ಬೇರೇನೂ ಕಡಿಮೆಯಿರಲಿಲ್ಲ. ಹೊಲಿಗೆ ಒಣಗಿದ ಮೇಲೆ ಬಿಸಿನೀರು, ಮೆಣಸಿನ ಸಾರು, ಬೆಳ್ಳುಳ್ಳಿ ಒಗ್ಗರಣೆಯ ಬಿಸಿ ಅನ್ನ, ಕಿವಿಗೆ ಹತ್ತಿ. ಹೆತ್ತವಳಿಗಿಂತ ಹೀಗೆ ಆದವಳಿಗೇ ಆರೈಕೆ ಜಾಸ್ತಿ ಬೇಕು ಎಂದು ಅತ್ತೆ ಒಂದೇ ಸಲ ಹೇಳಿದರು. ಯಾರಿಗೂ ಫೋನ್ ಮಾಡಲಿಲ್ಲ. ಫೋನ್ ಬಂದರೆ, ಹುಷಾರಾಗಿದ್ದಾಳೆ ಎಂದು ಹೇಳಿ ಬೇರೆ ಮಾತಿಗೆ ಹೋಗುತ್ತಿದ್ದರು.

ಕಡೆಗೆ ಎಲ್ಲರಿಗೂ ಹೇಳಿದವಳು ನಾನೇ. ತಿಂಗಳು ಕಳೆದಂತೆ ನೋವು ಕಡಿಮೆಯಾಗಿ, ಅದು ಒಂದು ಕಥೆಯಾಯಿತು. ಬ್ಯಾಂಕಿನ ಗೆಳತಿಯರಿಗೆ, ನನ್ನ ಅಕ್ಕನಿಗೆ, ಗಂಡನ ಕಡೆಯವರಿಗೆ ಹೇಳಿದೆ. ಹೇಳುವುದರಲ್ಲಿ ನನಗೊಂದು ವರಸೆಯೂ ಕುದುರಿತ್ತು. ಸೀಮೆಸುಣ್ಣದ ಗೆರೆ, ಮಾಪಿನ ಕೋಲು, ಗಂಡ ತಿಂದ ಸೊಪ್ಪು ಎಲ್ಲ ಬರುತ್ತಿತ್ತು. ಕೊರೋನಾ ಇಲ್ಲ ಅಂತ ನಾನು ಅಂದದ್ದೇ ತಡ, ನಮ್ಮತ್ತೆ ಬಾಗಿಲು ತಳ್ಳಿಕೊಂಡು ಬಂದುಬಿಟ್ಟರು ಎಂದು ಹೇಳಿದಾಗ ಕೇಳಿದವರೆಲ್ಲ ನಗುತ್ತಿದ್ದರು. ಎಷ್ಟೋ ಸಲ ಅತ್ತೆ ಅಲ್ಲೇ ಕೂತು ಹುರುಳಿಕಾಯಿ ಮುರಿಯುತ್ತಿದ್ದರು. ಅವರೂ ಮುಗುಳ್ನಗುತ್ತಿದ್ದರು.

ಆ ವರ್ಷದ ಆಯುಧಪೂಜೆಯ ಹಿಂದಿನ ದಿನ, ಎದುರು ಮನೆಯ ಆಟೋದವರಿಗೆ ಒಂದು ತಟ್ಟೆ ಸಿಹಿ, ಅವರ ಹೆಂಡತಿಗೆ ಒಂದು ರವಿಕೆ ಕಣ ಕೊಟ್ಟು ಬರೋಣವೆಂದು ಇಳಿದೆ. ನನ್ನನ್ನು ಆವತ್ತು ಆಸ್ಪತ್ರೆಗೆ ಕರೆದೊಯ್ದವರು ಅವರೇ. ಅವರು ಆಟೋ ತೊಳೆಯುತ್ತಿದ್ದರು. ನೀವು ಇಲ್ಲದಿದ್ದರೆ ನಾನು ಇರುತ್ತಿರಲಿಲ್ಲ ಎಂದೆ. ಅವರು ಬಟ್ಟೆ ಹಿಂಡುತ್ತಾ ನಕ್ಕರು.

"ನಂದೇನಿಲ್ಲ ಅಕ್ಕ, ನಿಮ್ಮತ್ತೆ ಗಟ್ಟಿಗಿತ್ತಿ. ಬಾಲ್ಕನಿಯಿಂದ ಕೂಗಿ ಮೊದ್ಲೇ ಹೇಳ್ಬಿಟ್ರು. ಸೊಸೆಗೆ ಕೊರೋನಾ ಇದೆ, ಪ್ರಜ್ಞೆ ಇಲ್ಲ, ಮುಟ್ಟೋಕೆ ಭಯ ಆದ್ರೆ ಆಟೋ ಮಾತ್ರ ಸ್ಟಾರ್ಟ್ ಮಾಡಿ, ನಾನೇ ಹೆಂಗಾದ್ರೂ ಇಳಿಸ್ತೀನಿ ಅಂತ. ನಮ್ಮನೇಲಿ ಎಲ್ರಿಗೂ ಬಂದೋಗಿತ್ತು, ನಂಗೇನ್ ಭಯ. ಇಬ್ರೂ ಸೇರಿ ನಿಮ್ಮನ್ನ ಪ್ಲಾಸ್ಟಿಕ್ ಚೇರಲ್ಲಿ ಕೂರಿಸ್ಕೊಂಡು ಇಳಿಸಿದ್ವಿ. ಅವ್ರ ಮುಖಕ್ಕೆ ಒಂದು ಮಾಸ್ಕೂ ಇರ್ಲಿಲ್ಲ."

ನಾನು, ಕೊರೋನಾ ಅಂತ ಹೇಳಿದರಾ ಎಂದು ಮತ್ತೆ ಕೇಳಿದೆ. ಅವರು ಹೌದೆಂದರು. ದಾರಿಯಲ್ಲಿ ನಿಮ್ಮತ್ತೆ ಮಗನಿಗೆ ಫೋನ್ ಮಾಡಿದರು, ಮಗ ಏನೂ ಕೇಳಬೇಡ, ಜಯನಗರಕ್ಕೆ ಕರೆದುಕೊಂಡು ಬಾ ಅಂದರಂತೆ, ಬೇರೆ ಕಾಯಿಲೆ ಅಂತ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ ಮೇಲೆಯೇ ಅವರಿಗೆ ತಿಳಿದದ್ದು, ತಾನೂ ಅಲ್ಲೇ ಇದ್ದೆನಲ್ಲ ಎಂದರು.

ಮೆಟ್ಟಿಲು ಹತ್ತುವಾಗ ಮಧ್ಯೆ ಒಂದು ಕಡೆ ಕೂತುಬಿಟ್ಟೆ. ನಾನು ಹೇಳಿದ್ದೆ ಎಂದುಕೊಂಡಿದ್ದ ಆ ಮಾತು ನನ್ನ ತಲೆಯೊಳಗೇ ಇತ್ತು. ಬಾಯಿಂದ ಹೊರಗೆ ಬಂದಿರಲಿಲ್ಲ. ಅಂದರೆ ಕರೆಂಟ್ ಬಿಲ್ಲಿಗೂ ಹೆದರುತ್ತಿದ್ದ ಆ ಹೆಂಗಸು, ಕೊರೋನಾ ಇದೆ ಎಂದೇ ತಿಳಿದು, ಬಾಗಿಲು ತಳ್ಳಿಕೊಂಡು ಬಂದು ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಅಂಥವರನ್ನು ನಾನು ಎಷ್ಟೋ ದಿನಗಳಿಂದ ಊರವರ ಮುಂದೆ ನಗೆಪಾಟಲು ಮಾಡುತ್ತಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅತ್ತೆ ಅಡುಗೆಮನೆಯಲ್ಲಿ ನಿಂಬೆಹಣ್ಣು ತೊಳೆಯುತ್ತಿದ್ದರು. ನಾನು ಬಾಗಿಲಲ್ಲೇ ನಿಂತು, ಆವತ್ತು ನಾನು ಏನು ಹೇಳಿದೆ ಎಂದು ಕೇಳಿದೆ. ಅವರು ತಿರುಗಿ ನನ್ನ ಮುಖ ನೋಡಿದರು. ಯಾರು ಹೇಳಿದರು ಎಂದು ಕೇಳಲಿಲ್ಲ.

"‘ಅತ್ತೆ’ ಅಂದೆ. ಅಷ್ಟೇ."

"ಮತ್ತೆ ಇಷ್ಟು ದಿನ ಯಾಕೆ ಸುಮ್ನಿದ್ರಿ? ನಾನು ಎಲ್ರ ಮುಂದೆ ಹಾಗೆಲ್ಲ ಹೇಳ್ತಿದ್ನಲ್ಲ."

ಅವರು ನಲ್ಲಿ ನಿಲ್ಲಿಸಿದರು. ನಿಂಬೆಹಣ್ಣನ್ನು ಒಂದೊಂದಾಗಿ ಬಟ್ಟೆಯಲ್ಲಿ ಒರೆಸಿ ತಟ್ಟೆಗೆ ಹಾಕತೊಡಗಿದರು.

"ಏನ್ ಹೇಳ್ತಿದ್ದೆ ನೀನು? ಪ್ರಾಣ ಹೋಗೋ ಹೊತ್ತಲ್ಲಿ ಅತ್ತೆ ಹತ್ರ ನಿಜ ಹೇಳ್ಕೊಂಡೆ ಅಂತ ತಾನೇ. ಅದನ್ನ ನಾನ್ಯಾಕೆ ಇಲ್ಲ ಅನ್ಲಿ?"